ಕಮೋಡಿನ ಬುಡದ ನೀಲಿ ನೀರು

ಮನೆಯಿಂದ,
ಗುರುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕ್ರೇನಿನಲ್ಲಿ ಕೂತು ಕೂತು ಬೆನ್ನು ಹಿಡಿಯುತ್ತದೆ ಎಂದಿದ್ದೆಯಲ್ಲ, ನಾನು ಕಳಿಸಿದ ಪುಟ್ಟ ದಿಂಬನ್ನು ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದೀಯೋ? ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ಹಸಿವಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕೈ ಜೋರಾಗುತ್ತದೆ. ಆ ಕೈಯ ಕಥೆ ಮುಂದೆ ಬರುತ್ತದೆ, ಇರು. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಂಡಿನೋವು ಅದರ ಪಾಡಿಗೆ ಇದೆ, ನಾನು ನನ್ನ ಪಾಡಿಗೆ ಇದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೂಂ, ಹೂಂ' ಎನ್ನುತ್ತೀಯೇ ಹೊರತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಗದವಾದರೆ ಎರಡು ಸಲ ಓದುತ್ತೀಯ.

ನಿನ್ನ ಭಾವ ಇಪ್ಪತ್ನಾಲ್ಕನೇ ತಾರೀಖು ಭಾನುವಾರ ವ್ಯಾನು ತಂದು ನನ್ನನ್ನು ನಿನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ನಿನಗೆ ಹೇಳಿರಲಿಲ್ಲ. ಹೋದಮೇಲೆ ಮತ್ತೆ ಈ ಮನೆಗೆ ಬರುವ ಯೋಚನೆಯೂ ಇರಲಿಲ್ಲ. ಟ್ರಂಕಿಗೆ ಬಟ್ಟೆ ತುಂಬಿಯಾಗಿತ್ತು, ನಿನ್ನಪ್ಪನ ಫೋಟೋವನ್ನು ಗೋಡೆಯಿಂದ ಇಳಿಸಿ ಟವೆಲಿನಲ್ಲಿ ಸುತ್ತಿಟ್ಟಿದ್ದೆ. 'ಅವಳ ಹತ್ರ ಯಾಕಮ್ಮಾ ಮಾತು ಬಿಟ್ಟೆ?' ಎಂದು ನೀನು ನಿನ್ನ ಹೆಂಡತಿಯ ವಿಷಯ ಕೇಳಿದಾಗಲೆಲ್ಲ ಪಕ್ಕದ ಮನೆಯ ನಾಯಿಮರಿಯ ಕಥೆ ಹೇಳಿ ತಪ್ಪಿಸಿಕೊಂಡೆ. ಗಂಡುಮಗನಿಗೆ ಬಾಯಿಬಿಟ್ಟು ಹೇಳುವ ಸಂಗತಿಯಾಗಿರಲಿಲ್ಲ ಅದು. ಈಗ ಹೇಳುತ್ತೇನೆ, ನಗಬೇಡ.

ಬೆಳಿಗ್ಗೆ ನಾನು ಬಾತ್‌ರೂಮಿಗೆ ಹೋಗಿ ಬಂದರೆ ಕಮೋಡಿನ ಬುಡದಲ್ಲಿ ನೀರು ನಿಂತಿರುತ್ತಿತ್ತು. ನಾನು ಹೋಗಿ ಬಂದಾಗ ಮಾತ್ರ. ನಿನ್ನ ಹೆಂಡತಿ ಹೋಗಿ ಬಂದರೆ ನೆಲ ಒಣಗಿದ ಹಾಗೇ ಇರುತ್ತಿತ್ತು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಒಂದು ಸಂಜೆ ತಾನು ಕೆಲಸ ಮಾಡುವ ಮೆಡಿಕಲ್ ಶಾಪಿನಿಂದ ಬರುವಾಗ ಪೊಟ್ಟಣವೊಂದನ್ನು ತಂದು, ನನ್ನ ಮಂಚದ ಮೇಲೆ, ದಿಂಬಿನ ಪಕ್ಕ, ಸದ್ದಿಲ್ಲದೆ ಇಟ್ಟು ಹೋದಳು. ನೋಡಿದರೆ ದೊಡ್ಡವರ ಡೈಪರು! ಮೇಲೆ ಬಿಳಿಕೂದಲಿನ ಮುದುಕಿಯೊಬ್ಬಳು ಹಲ್ಲು ಕಿರಿಯುತ್ತಿರುವ ಚಿತ್ರ ಬೇರೆ. ಅಯ್ಯೋ, ಮೈಯೆಲ್ಲ ಉರಿದುಹೋಯಿತು ಕಣೋ. ನಿನ್ನಪ್ಪನ ಸೈಕಲ್ ಶಾಪಿನಲ್ಲಿ ಗಂಡಸರ ಸಮಕ್ಕೆ ಕೂತು ಪಂಕ್ಚರ್ ಹಾಕಿದವಳು ನಾನು, ನನಗೆ ಡೈಪರೇ? ಅದನ್ನು ಒಯ್ದು ಅವಳ ಕನ್ನಡಿಯ ಮುಂದೆ, ಬಾಚಣಿಗೆಯ ಪಕ್ಕ ಕುಕ್ಕಿ ಬಂದೆ. ಅವತ್ತಿನಿಂದ ಮಾತು ನಿಂತಿತು. ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು. 'ಚಹಾ ಆಗಿದೆ' ಎಂದು ಅವಳು ಒಲೆಗೆ ಹೇಳುತ್ತಿದ್ದಳು, 'ಕುಡಿದಾಯ್ತು' ಎಂದು ನಾನು ಲೋಟಕ್ಕೆ ಹೇಳುತ್ತಿದ್ದೆ. ನಿನ್ನ ಅಕ್ಕನಿಗೆ ಫೋನು ಮಾಡಿ ನನ್ನನ್ನು ಕರೆಸಿಕೋ ಎಂದೆ. ಯಾಕೆ ಎಂದು ಕೇಳಿದಳು. ಮಂಡಿನೋವು ಎಂದೆ.

ಸೋಮವಾರ ಟ್ರಂಕಿನ ತಳದಲ್ಲಿ ನಿನ್ನಪ್ಪನ ಸ್ಪ್ಯಾನರ್ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದಾಗ ಅವರ ಮಾತು ಕಿವಿಯಲ್ಲಿ ಗುಂಯ್ ಎಂದಿತು: 'ತೂತು ಎಲ್ಲಿದೆ ಅಂತ ನೀನೇ ಊಹೆ ಮಾಡ್ಬೇಡ ಕಣೇ, ಟ್ಯೂಬನ್ನ ನೀರಿಗೆ ಹಾಕಿ ನೋಡು.' ಎಲಾ, ಇಷ್ಟು ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ಬಿಳಿ ಬಟ್ಟೆಗೆ ಹಾಕುವ ನೀಲಿ ಮನೆಯಲ್ಲಿತ್ತಲ್ಲ, ಅದನ್ನು ಅರ್ಧ ಬಾಟಲಿ ಫ್ಲಶ್ ಟ್ಯಾಂಕಿಗೆ ಸುರಿದೆ. ನೆಲವನ್ನು ಒರೆಸಿ ಒಣಗಿಸಿದೆ. ಉಟ್ಟ ಬಟ್ಟೆಯಲ್ಲೇ ಕಮೋಡಿನ ಮೇಲೆ ಕೂತು, ದಿನಾ ಏಳುವ ಹಾಗೆಯೇ ಒಂದು ಕಡೆಗೆ ಭಾರ ಹಾಕಿ ಏಳುತ್ತಾ ಫ್ಲಶ್ ಒತ್ತಿದೆ. ಕಮೋಡು ಒಂಚೂರು ವಾಲಿತು. ಗೋಡೆ ಹಿಡಿದು ಬಗ್ಗಿ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಬುಡದಿಂದ ಸಣ್ಣಗೆ ನೀರು ಹೊರಗೆ ಬಂತು ಮಗಾ, ನೀಲಿ ನೀರು! ನಾನು ಮೈಕೈ ತುಂಬಿಕೊಂಡವಳು, ನಿನ್ನ ಹೆಂಡತಿ ಕಡ್ಡಿ. ಅವಳು ಕೂತರೆ ಕಮೋಡಿಗೆ ಗೊತ್ತೇ ಆಗುವುದಿಲ್ಲ, ನಾನು ಎದ್ದರೆ ವಾಲಿ ಅಡಿಯಿಂದ ನೀರು ಬಿಡುತ್ತದೆ. ಅಷ್ಟೇ ಸಂಗತಿ.

ಖುಷಿಗೆ ನಾನು ಕೂಗಿದ ಕೂಗು ಕೇಳಿ ನಿನ್ನ ಹೆಂಡತಿ ನಾನು ಜಾರಿ ಬಿದ್ದೆನೆಂದು ಸೌಟು ಹಿಡಿದೇ ಓಡಿ ಬಂದಳು. 'ಅತ್ತೆ, ಏನಾಯ್ತು?' ಎಂದಳು. ಒಲೆಗಲ್ಲ, ನನಗೇ ಹೇಳಿದ್ದು. ನಾನು ನೆಲಕ್ಕೆ ಬೆರಳು ತೋರಿಸಿ, 'ಈಗ ಹೇಳೇ, ಡೈಪರ್ ಯಾರಿಗೆ ಹಾಕ್ಬೇಕು?' ಎಂದೆ. ಅವಳು ನೀಲಿ ನೀರನ್ನು ನೋಡಿದಳು, ಮುಖ ಇಷ್ಟೇ ಇಷ್ಟು ಮಾಡಿಕೊಂಡಳು. 'ಆ ನೀರಲ್ಲಿ ನೀವು ಜಾರಿ ಬೀಳ್ತೀರೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ಅತ್ತೆ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಬಾಯೇ ಬರ್ಲಿಲ್ಲ' ಎಂದು ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಅತ್ತಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅಷ್ಟು ದಿನ ಕಾಪಾಡಿಕೊಂಡಿದ್ದ ನನ್ನ ಸಿಟ್ಟು ಅದೆಲ್ಲಿ ಹೋಯಿತೋ ಕಾಣೆ.

ಪ್ಲಂಬರಿಗೆ ಫೋನು ಮಾಡಿದೆವು. 'ಇಗೋ ಬಂದೆ' ಎಂದ ಪುಣ್ಯಾತ್ಮ ಇವತ್ತಿನವರೆಗೂ ಬರುತ್ತಲೇ ಇದ್ದಾನೆ. ಮರುದಿನ ನಾವೇ ಕೈಹಾಕಿದೆವು. ನೀರಿನ ವಾಲ್ವು ಮುಚ್ಚಿ, ಟ್ಯಾಂಕು ಖಾಲಿ ಮಾಡಿದರೂ ಕಮೋಡಿನ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅದನ್ನು ತೆಗೆಯದೆ ಎತ್ತುವ ಹಾಗಿಲ್ಲ. 'ಸ್ಪಂಜು ಇಲ್ವಲ್ಲ ಅತ್ತೆ' ಎಂದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಎದ್ದು ಹೋಗಿ ಆ ಪೊಟ್ಟಣ ತಂದಳು. ಒಳ್ಳೆಯ ಮಾಲು ಕಣೋ, ಎರಡೇ ಎರಡಕ್ಕೆ ಗುಂಡಿ ಬರಿದಾಯಿತು! ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಿತು ಅನ್ನುವಾಗ ಅವಳು ಪೊಟ್ಟಣದ ಮೇಲಿನ ಮುದುಕಿಯನ್ನು ತೋರಿಸುತ್ತಿದ್ದಳು, ಮತ್ತೆ ಶುರುವಾಗುತ್ತಿತ್ತು.

ನಟ್ಟು ಬಿಚ್ಚಿ, ಅವಳೊಂದು ಕಡೆ ನಾನೊಂದು ಕಡೆ ಹಿಡಿದು ಕಮೋಡನ್ನು ಎತ್ತಿ ಪಕ್ಕಕ್ಕಿಟ್ಟೆವು. ನೆಲದ ಪೈಪಿನ ಬಾಯಿಗೆ ಅಗಲವಾದ ಪ್ಲಾಸ್ಟಿಕ್ ಬಳೆಯಂಥದ್ದು ಇರುತ್ತದಲ್ಲ, ಫ್ಲ್ಯಾಂಜ್ ಎನ್ನುತ್ತಾರೆ, ಕಮೋಡನ್ನು ಅಲ್ಲಾಡದಂತೆ ಹಿಡಿದಿಡುವುದೇ ಅದು. ಬೋಲ್ಟು ಕೂರುವ ಜಾಗದಲ್ಲಿ ಅದು ಸೀಳಿಹೋಗಿತ್ತು. ಯಾರು ಸ್ವಾಮೀ ಇದನ್ನು ಕೂರಿಸಿದ್ದು? ಪ್ಲಂಬರು ಯಾಕೆ, ನಾನಿಲ್ವಾ ಎಂದು ಕೆಲಸಕ್ಕೆ ಹೊರಡುವ ಹಿಂದಿನ ದಿನ ತೋಳು ಮಡಚಿದ್ದು ಯಾರು? 'ನಟ್ಟು ಕೂತ್ಮೇಲೆ ಮತ್ತೆ ತಿರುಗಿಸ್ಬೇಡ ಕಣೋ' ಎಂದು ನಿನ್ನಪ್ಪ ಗಂಟಲು ಹರಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮವಾಯಿತು. ಕ್ರೇನ್ ಓಡಿಸುವ ಕೈಯನ್ನು ಪಾಪ ಆ ಬಳೆಯ ಮೇಲೆ ತೋರಿಸಿದೆಯಲ್ಲೋ! ಇಬ್ಬರೂ ಸೇರಿ ಮನಸಾರೆ ಬೈದೆವು. ಮಂಗಳವಾರ ನಿನಗೆ ಬಿಕ್ಕಳಿಕೆ ಬಂದಿದ್ದರೆ ಕಾರಣ ನಾವೇ.

ಹಾರ್ಡ್‌ವೇರ್ ಅಂಗಡಿಯಿಂದ ಅವಳು ಹೊಸ ಫ್ಲ್ಯಾಂಜು, ಹೊಸ ಬೋಲ್ಟು, ನೀರು ಸೋರದಂತೆ ನಡುವೆ ಇಡುವ ಮೇಣದ ರಿಂಗು ತಂದಳು. ಹಳೆಯ ಮೇಣ ಕೆರೆಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಕಮೋಡನ್ನು ವಾಪಸು ಇಳಿಸುವಾಗ ಎರಡೂ ಬೋಲ್ಟು ನೆಟ್ಟಗೆ ತೂತಿಗೆ ಬರಬೇಕು. 'ಎಡಕ್ಕೆ, ಇನ್ನೂ ಎಡಕ್ಕೆ, ನನ್ನ ಎಡ ಅಲ್ಲ ಕಣೇ, ನಿನ್ನ ಎಡ!' ಬಿಟ್ಟ ಮಾತಿನ ಬಾಕಿಯೆಲ್ಲ ಅಲ್ಲೇ ತೀರಿತು. ಮೇಣ ಒತ್ತಿ ಕೂರಲು ಮೇಲಿನಿಂದ ಭಾರ ಬೇಕು. ಅವಳು ಕೂತಳು, ಏನೂ ಆಗಲಿಲ್ಲ. 'ಅತ್ತೆ, ಇದು ನಿಮ್ಮಿಂದ್ಲೇ ಆಗ್ಬೇಕು' ಎಂದಳು. ನಾನು ಮಹಾರಾಣಿಯ ಹಾಗೆ ಕೂತೆ, ಕಮೋಡು ಸದ್ದಿಲ್ಲದೆ ಇಳಿದು ನೆಲಕ್ಕೆ ತಾಗಿತು. ನಟ್ಟನ್ನು ನಾನೇ ನಿನ್ನಪ್ಪನ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿದೆ. ಉಳಿದ ನೀಲಿಯನ್ನೂ ಸುರಿದು ನೋಡಿದೆವು. ನಿನ್ನೆಯೂ ಇವತ್ತೂ ನೆಲದ ಮೇಲೆ ಒಂದು ಹನಿ ಇಲ್ಲ. ಬಿಸ್ಕತ್ತು ಇಟ್ಟು ತಿನ್ನಬಹುದು, ಅಷ್ಟು ಒಣಗಿದೆ.

ದೇವರು ನಿನ್ನ ಬೆನ್ನನ್ನು ಚೆನ್ನಾಗಿಟ್ಟಿರಲಿ, ಕೈಗೆ ಸ್ವಲ್ಪ ಹದ ಕೊಡಲಿ. ನಿನ್ನ ಹೆಂಡತಿ ಬೇರೆಯಾಗಿ ಬರೆಯುತ್ತಾಳಂತೆ, ಅದರಲ್ಲೂ ಬೈಗುಳ ಇರುತ್ತದೆ, ತಯಾರಾಗಿರು.

ನಿನ್ನ ಒಳಿತನ್ನೇ ಬೇಡುವ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದೊಂದು ಹೇಳಿಬಿಡುತ್ತೇನೆ. ನಾನು ಹೊರಟಿದ್ದು ಸಿಟ್ಟಿಗಲ್ಲ, ಮಂಡಿನೋವಿಗೂ ಅಲ್ಲ. ಆ ನೀರು ನನ್ನದೇ ಎಂದು ನಾನೂ ನಂಬಿಬಿಟ್ಟಿದ್ದೆ ಮಗಾ. ವಯಸ್ಸಾಯಿತು, ಮೈ ನನ್ನ ಮಾತು ಕೇಳುತ್ತಿಲ್ಲ, ಸೊಸೆಯ ಕಣ್ಣೆದುರು ಹೀಗಾಗುವುದು ಬೇಡ ಎಂದು ಹೊರಟಿದ್ದೆ. ಪೊಟ್ಟಣವನ್ನು ಅವಳ ಕನ್ನಡಿಯ ಮುಂದೆ ಕುಕ್ಕುವ ಮುಂಚೆ ಅದರ ಬಾಯಿ ಹರಿದು, ಒಂದನ್ನು ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಒಂದು ಕಡಿಮೆ ಇರುವುದು ಮೆಡಿಕಲ್ ಶಾಪಿನವಳಿಗೆ ಕಾಣದೆ ಇರುತ್ತದೆಯೇ? ಅವತ್ತೇ ಕಂಡಿದೆ. ಇವತ್ತಿನವರೆಗೂ ಒಂದು ಮಾತು ಆಡಿಲ್ಲ ನಮ್ಮ ಹುಡುಗಿ. ಈಗ ನಿನ್ನಪ್ಪನ ಫೋಟೋಕ್ಕೆ ಮೊಳೆ ಹೊಡೆಯುತ್ತಿದ್ದಾಳೆ, ಸದ್ದು ಕೇಳಿದರೆ ಸೊಟ್ಟಗೆ ಹೊಡೆಯುತ್ತಿರುವ ಹಾಗಿದೆ, ಹೋಗಿ ನೋಡುತ್ತೇನೆ. ನಿನ್ನ ಭಾವನಿಗೆ ಫೋನು ಮಾಡಿ ವ್ಯಾನು ಬೇಡ ಎಂದುಬಿಡು. ಕಾರಣ ಕೇಳಿದರೆ ಮಂಡಿನೋವು ವಾಸಿಯಾಯಿತು ಎನ್ನು.