ಜೋಳಿಗೆಗೆ ಹಾಕಿದ ಮೇಲೆ

10 ಮಾರ್ಚ್ 2025, ಸೋಮವಾರ. ಬೆಳಿಗ್ಗೆ 6

ನಿನ್ನೆ, ಮಾರ್ಚ್ 9ರ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಕಲ್ಯಾಣ ಮಂಟಪದಲ್ಲಿ ಮುನ್ನೂರು ಜನರ ಎದುರು ನಮ್ಮ ಓಣಿಯ ದುಶ್ಚಟ ನಿವಾರಣಾ ಸಮಿತಿ ನನ್ನ ತಮ್ಮನ ಹೆಸರನ್ನು ಮೈಕಿನಲ್ಲಿ ಓದಿತು. 'ಜೋಳಿಗೆಗೆ ಹಾಕಿದ್ದನ್ನು ಪುನಃ ಎತ್ತಿಕೊಂಡವರು.' ಮೂರು ಹೆಸರು. ಮೊದಲನೆಯದು ವಿಜಯಮಹಾಂತೇಶ, ನಮ್ಮ ಮಾಂತೇಶ. ತಂದೆಯ ಹೆಸರು, ಮನೆ ಇರುವ ಓಣಿ, ಕೆಲಸ ಮಾಡುವ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ — ಒಂದನ್ನೂ ಬಿಡಲಿಲ್ಲ.

ನಾನು ಎರಡನೇ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಅವನ ಹೆಂಡತಿ ಶಿವಗಂಗಾ, ಸೆರಗು ಬಾಯಿಗೆ ಹಿಡಿದು. ಹಿಂದೆ ಯಾರೋ ನಕ್ಕರು. ಮಾಂತೇಶ ಬಾಗಿಲ ಹತ್ತಿರ ನಿಂತಿದ್ದ. ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಫೇಲಾದ ಹುಡುಗರ ಹೆಸರನ್ನು ಪ್ರಾರ್ಥನೆಯಲ್ಲಿ ಓದುವ ಪದ್ಧತಿ ನಾನು ಕಲಿಸುತ್ತಿದ್ದ ಹೈಸ್ಕೂಲಿನಲ್ಲಿತ್ತು. 1996ರಲ್ಲಿ ನಿಲ್ಲಿಸಿದವಳು ನಾನು. ಹೆಡ್‌ಮಾಸ್ತರರ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದೆ. ಇಳಕಲ್ ಊರು ಮರೆತಿರಬಹುದು. ನಾನು ಮರೆತಿಲ್ಲ.

ಜೋಳಿಗೆಯ ಮೇಲೆ ಸಿಟ್ಟಿಲ್ಲ. ಮಠದ ಸ್ವಾಮಿಗಳು ಶುರು ಮಾಡಿದ್ದು; ಕಾಳು ಬೇಡ, ರೊಕ್ಕ ಬೇಡ, ನಿಮ್ಮ ಚಟ ಹಾಕಿರಿ ಎಂದು ಕೇಳುವ ಜೋಳಿಗೆ ಅದು. ಅಪ್ಪನ ತಂಬಾಕು 1981ರಲ್ಲಿ ಡಬ್ಬಿ ಸಮೇತ ಹೋಯಿತು. ಸಾಯುವ ತನಕ ಮುಟ್ಟಲಿಲ್ಲ. ಕೊಟ್ಟ ಮೇಲೆ ಅದು ನಮ್ಮದಲ್ಲ. ಮನೆಯಲ್ಲಿ ಅದರ ಹೆಸರನ್ನೂ ಎತ್ತುವಂತಿಲ್ಲ.

ಹಾಲು ಬಂತು. ಏಳಬೇಕು.

11 ಮಾರ್ಚ್. ಬೆಳಿಗ್ಗೆ 6.10

ಐದೂಕಾಲಿಗೆ ಮಾಂತೇಶ ಅಂಗಳಕ್ಕೆ ಬಂದ. ಬನಿಯನ್ ತೊಯ್ದು ಮೈಗೆ ಅಂಟಿತ್ತು. ಎರಡೂ ಕೈ ಎದೆಯ ಮೇಲೆ.

"ಅಕ್ಕಾ, ನಿಂತ ಬಿಡ್ತೈತಿ ಎದಿ."

"ನಿಲ್ಲೂದಿಲ್ಲ. ಓಡಾಕತ್ತೈತಿ. ಕುಂದ್ರು."

"ಕುಂತ್ರ ಸಾಯ್ತೇನಿ."

ಅಂಗಳದಲ್ಲಿ ಹತ್ತು ಸುತ್ತು ಹಾಕಿದ. ನಲವತ್ತನಾಲ್ಕು ವರ್ಷದ ಗಂಡಸು. ಆಮೇಲೆ ಸ್ಕೂಟರಿನ ಡಿಕ್ಕಿ ತೆರೆದ. ಪ್ಯಾಕೆಟ್. ಹಲ್ಲಿನಿಂದಲೇ ಹರಿದು ಸೆರೆ ಕುಡಿದ. ಕಾಲು ತಾಸಿನಲ್ಲಿ ಕೈ ನಡುಗುವುದು ನಿಂತಿತು. ನನ್ನ ಮುಖ ನೋಡಲಿಲ್ಲ.

ಒಂದು ವಾರದಿಂದ ವೇಳೆ ಬರೆದಿಡುತ್ತಿದ್ದೇನೆ, ಹಳೆಯ ಹಾಜರಿ ಪುಸ್ತಕದಲ್ಲಿ. ಕುಡಿದದ್ದು ಒಂದು ಕಡೆ, ಅಂಜಿಕೆ ಬಂದದ್ದು ಇನ್ನೊಂದು ಕಡೆ. ಇವತ್ತು ಎರಡನ್ನೂ ಸೇರಿಸಿ ನೋಡಿದೆ. ಕುಡಿದು ಏಳೆಂಟು ತಾಸಿಗೆ ಅಂಜಿಕೆ. ಹೆಚ್ಚು ಕುಡಿದ ದಿನದ ಮರುದಿನ ಹೆಚ್ಚು. ಹೆದರಿ ಕುಡಿಯುತ್ತಾನೆ ಎಂದುಕೊಂಡಿದ್ದೆವು, ಅವನೂ ಹಾಗೆಯೇ ಹೇಳುತ್ತಾನೆ. ಪುಸ್ತಕ ಬೇರೆ ಹೇಳುತ್ತಿದೆ. ಕುಡಿದದ್ದಕ್ಕೇ ಹೆದರುತ್ತಿದ್ದಾನೆ.

ಶುರುವಾದದ್ದು ಹಾಗಲ್ಲ, ನಿಜ. 2014ರಲ್ಲಿ ಫ್ಯಾಕ್ಟರಿಗೆ ಕಲ್ಲು ತರಲು ಹೋದಾಗ ಕ್ವಾರಿಯಲ್ಲಿ ಕ್ರೇನಿನ ಹಗ್ಗ ಹರಿದು ಕಲ್ಲು ಅವನಿಂದ ಒಂದು ಮಾರು ದೂರದಲ್ಲಿ ಬಿತ್ತು. ಗಾಯವಿಲ್ಲ. ವಾರದ ಮೇಲೆ ಬಸ್ಸಿನಲ್ಲಿ ಮೊದಲ ಸಲ ಉಸಿರು ಸಿಗದಂತಾಯಿತು. ನಾನು ಅಂದೆ — ಗಂಡಸಾಗಿ ಏನೋ ಇದು. ಫ್ಯಾಕ್ಟರಿಯ ಗೆಳೆಯ ಅಂದ — ಒಂದು ನೈಂಟಿ ಹಾಕಲೇ, ಎದಿ ಕುಂದರ್ತೈತಿ. ನಮ್ಮಿಬ್ಬರಲ್ಲಿ ಗೆಳೆಯನೇ ಹೆಚ್ಚು ಕರುಣೆ ತೋರಿಸಿದ್ದ.

ಇವತ್ತೂ ಕೆಲಸಕ್ಕೆ ಹೋಗುವುದಿಲ್ಲವಂತೆ.

13 ಮಾರ್ಚ್. ಸಂಜೆ

ಬಾಗಲಕೋಟೆಗೆ ಹೋಗಿ ಬಂದೆ, ಒಬ್ಬಳೇ. ಹೋಳಿಯ ಗದ್ದಲ. ಓಣಿ ಓಣಿಗೆ ಹಲಗಿ ಬಡಿತ, ಆಟೋದವನು ಎರಡು ಸಲ ದಾರಿ ಬದಲಿಸಿದ.

ಮನೋರೋಗದ ಡಾಕ್ಟರ್ ಅರ್ಷದ. ಚಿಕ್ಕ ವಯಸ್ಸು, ನಿಧಾನದ ಮಾತು. ಹಾಜರಿ ಪುಸ್ತಕ ಮುಂದಿಟ್ಟೆ. ಓದಿದರು.

"ಜನವರಿ 26ಕ್ಕ ಬಿಟ್ಟಿದ್ರು ಅಂದ್ರಿ. ಆಮ್ಯಾಲೆ?"

ಹೇಳಿದೆ. ಜೋಳಿಗೆಗೆ ಚೀಟಿ ಹಾಕಿದ ಮೂರನೇ ದಿನ ಮೈಯೆಲ್ಲ ನಡುಕ, ಬೆವರು. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದ, ಇರುವೆ ಇರಲಿಲ್ಲ. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ದೆವು. ಇಸಿಜಿ ಸರಿ ಇತ್ತು. ಟೆನ್ಷನ್ ಎಂದು ಗುಳಿಗೆ ಕೊಟ್ಟು ಕಳಿಸಿದರು.

"ಕುಡೀತಾರೇನು ಅಂತ ಕೇಳಲಿಲ್ಲೇನ್ರಿ ಅವರು?"

"ಕೇಳಿದ್ರು. ಇಲ್ಲ ಅಂದ್ವಿ."

"ಯಾರು?"

"ನಾನು. ಅವನ ಹೇಣ್ತಿ. ಅವನೂ."

"ಯಾಕ್ರಿ?"

"ಜೋಳಿಗಿಗೆ ಹಾಕಿದ್ನಲ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಗಲಿಲ್ಲ, ಬೈಯಲಿಲ್ಲ. ಸುಳ್ಳು ಹೇಳಿದೆವೆಂದು ಆ ದಿನ ನಮಗೆ ಒಂದಿಷ್ಟೂ ಅನಿಸಿರಲಿಲ್ಲ. ಕೊಟ್ಟದ್ದು ಕೊಟ್ಟಾಗಿತ್ತು. 'ಕುಡಿಯುತ್ತಾನೆ' ಎಂದರೆ ವಾಪಸ್ ಕಸಿದುಕೊಂಡಂತೆ. ಮೂವರೂ ಒಂದೇ ಬಾಯಿಯಲ್ಲಿ ಇಲ್ಲ ಎಂದೆವು, ಹೆಮ್ಮೆಯಿಂದ. ಡಾಕ್ಟರ ಕಣ್ಣು ಕಟ್ಟಿ ರೋಗ ಹುಡುಕಿ ಎಂದೆವು.

ಆ ದಿನ ದವಾಖಾನೆಯಿಂದ ಅವನನ್ನು ಕರೆತರುವಾಗ ಹುನಗುಂದದಲ್ಲಿ ಬಸ್ ನಿಂತಿತು. ನೀರು ತರುತ್ತೇನೆಂದು ಇಳಿದ. ಹತ್ತಿದಾಗ ಕೈ ನಡುಗುತ್ತಿರಲಿಲ್ಲ. ಆ ಹೊತ್ತಿನಿಂದ ಅವನಿಗೆ ಸೆರೆಯೇ ಔಷಧ.

ಡಾಕ್ಟರ್ ಹೇಳಿದ್ದು, ಮರೆಯಬಾರದೆಂದು ಬರೆಯುತ್ತೇನೆ — "ಎದಿಯೊಳಗ ಅಂಜಿಕಿ ಗಂಟಿ ಒಂದೈತಿ ಅಂತ ತಿಳೀರಿ. ಸೆರೆ ಅದನ್ನ ಒಂದಿಷ್ಟ ಹೊತ್ತ ಒತ್ತಿ ಹಿಡೀತೈತಿ. ಮೈ ಸುಮ್ನಿರೂದಿಲ್ಲ, ಗಂಟಿ ಇನ್ನೂ ಜೋರ ಮಾಡ್ಕೋತೈತಿ. ಸೆರೆ ಇಳದಕೂಡ್ಲೇ ಅದು ಬಡಕೊಳ್ಳಾಕ ಸುರು. ವರ್ಷಾನಗಟ್ಟಲೆ ದಿನಾ ಕುಡದವರು ಒಮ್ಮೆಲೇ ಬಿಟ್ರ ಫಿಟ್ಸ್ ಬರ್ತಾವು. ಜೀವಾನೂ ಹೋಗ್ತೈತಿ. ಬಿಡಬ್ಯಾಡ್ರಿ ಅನ್ನಾಕತ್ತಿಲ್ಲ. ಬಿಡೂದ ನಮ್ಮ ಕಣ್ಣ ಮುಂದ ಬಿಡ್ಲಿ. ಗುಳಿಗಿ ಕೊಟ್ಟು ಕಡಿಮಿ ಮಾಡ್ಕೋತ ಬರೂದು. ಮೊದಲಿನ ಅಂಜಿಕಿಗೆ ಆಮ್ಯಾಲೆ ಬ್ಯಾರೆ ಔಷಧ ಐತಿ."

ಹತ್ತು ದಿನ ಅಡ್ಮಿಟ್ ಆಗಬೇಕು. ಹತ್ತೇ ದಿನ.

14 ಮಾರ್ಚ್. ಮಧ್ಯಾಹ್ನ

ಒಲ್ಲೆ ಎನ್ನುತ್ತಾನೆ.

"ಮೈಕಿನ್ಯಾಗ ಹೇಳ್ಯಾರ. ಇನ್ನ ದವಾಖಾನಿ ಕಾಗದದಾಗೂ ಬರಸ್ಲೇನು, ಕುಡುಕ ಅಂತ?"

"ಜೀವಕ್ಕ ಅಪಾಯ ಐತಿ ಅಂತಾರೋ."

"ಮುನ್ನೂರ ಮಂದಿ ಮುಂದ ಮಾನ ಹೋಗೇತಲ್ಲ, ಅದೇನು?" ಎದ್ದು ನಿಂತ. "ನಾನ ಬಿಡ್ತೇನಿ. ಬಾಗಲಾ ಹಾಕ್ಕೊಂಡು ಕುಂದರ್ತೇನಿ. ಒಂದ ಹನಿ ಮುಟ್ಟೂದಿಲ್ಲ. ಆ ಸಮಿತಿ ಕಾಶಪ್ಪನ ಮುಂದ ಹೋಗಿ ನಿಂದರ್ತೇನಿ, ನೋಡಕೊಂತಿರು."

ಇದಕ್ಕೇ ಹೆದರಿದ್ದೆ. ಡಾಕ್ಟರ್ ಬೇಡವೆಂದದ್ದನ್ನೇ ಮಾಡುವ ಛಲ. ಆ ಛಲವನ್ನು ಭಾನುವಾರ ಅವನ ಎದೆಯೊಳಗೆ ಇಟ್ಟವರು ಯಾರು?

ಹೊರಗೆ ಹಲಗಿ. ಪ್ರತಿ ಏಟಿಗೂ ಅವನ ರೆಪ್ಪೆ ಅದುರುತ್ತದೆ.

15 ಮಾರ್ಚ್. ಸಂಜೆ 5

ಕಾಶಪ್ಪನ ಸೀರೆ ಅಂಗಡಿಗೆ ಹೋಗಿದ್ದೆ. ಸಮಿತಿಯ ಅಧ್ಯಕ್ಷ. ಕೆಟ್ಟವನಲ್ಲ, ಅದೇ ಕಷ್ಟ. ಗಿರಾಕಿಗೆ ಇಳಕಲ್ ಸೀರೆಯ ಟೋಪ್ ತೆನಿ ಸೆರಗು ಬಿಚ್ಚಿ ತೋರಿಸುತ್ತಿದ್ದ.

"ಬರ್ರಿ ಅಕ್ಕೋರ. ಚಾ ತರಸ್ಲೇನ್ರಿ?"

"ಚಾ ಬ್ಯಾಡ. ಹೆಸರು ಯಾಕ ಓದಿದ್ರಿ?"

"ನಾಚಿಗಿ ಬರ್ಲಿ ಅಂತ್ರಿ. ನಾಚಿಗಿ ಬಂದ್ರ ಬಿಡ್ತಾರ."

"ನಾಚಿಗಿ ಬಂದ್ರ ಕುಡೀತಾರ, ಕಾಶಪ್ಪ. ನೀ ಹತ್ತನೇ ಕ್ಲಾಸಿನ್ಯಾಗ ಗಣಿತದಾಗ ಹದಿನೆಂಟ ತಗೊಂಡಿದ್ದಿ. ಪ್ರಾರ್ಥನಾದಾಗ ಓದಿದ್ರ ಪಾಸ್ ಆಗ್ತಿದ್ದೇನು?"

ಗಿರಾಕಿ ಹೆಂಗಸು ಸೆರಗಿನ ಹಿಂದೆ ನಕ್ಕಳು. ಕಾಶಪ್ಪನ ಕಿವಿ ಕೆಂಪಾಯಿತು.

"ಅವ ಮತ್ತ ಕುಡೀತಾನಂತ ಯಾರು ಹೇಳಿದ್ರು ನಿಮಗ?"

ಕಾಶಪ್ಪ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ನಡಾವಳಿ ಪುಸ್ತಕ ತೆಗೆದು, ಹಾಳೆ ಹುಡುಕಿ, ನನ್ನ ಕಡೆ ತಿರುಗಿಸಿದ. ಫೆಬ್ರುವರಿ 16ರ ಸಭೆ. 'ಶ್ರೀ ವಿಜಯಮಹಾಂತೇಶ ಅವರು ಪುನಃ ಕುಡಿತಕ್ಕೆ ಬಿದ್ದಿರುವುದಾಗಿ ಸಲಹಾ ಸದಸ್ಯರು ತಿಳಿಸಿದರು. ಈ ಬಗ್ಗೆ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.'

ಸಲಹಾ ಸದಸ್ಯೆ ನಾನು. ಅಕ್ಷರವೂ ನನ್ನದು. ಸಹಾಯ ಕೇಳಲೆಂದು ಹೇಳಿದ್ದೆ, ಅದೇ ಮೈಕಿಗೆ ಹೋಗುತ್ತದೆಂದು ಹೊಳೆದಿರಲಿಲ್ಲ. ನಡಾವಳಿ ಬರೆಯುವವಳು ನಾನೇ ಆದ್ದರಿಂದ, ಚೊಕ್ಕ ಭಾಷೆಯಲ್ಲಿ ಬರೆದೂ ಕೊಟ್ಟಿದ್ದೆ.

"ನಿಮ್ಮನ್ನ ಕೇಳದ ಏನೂ ಮಾಡಿಲ್ರಿ ಅಕ್ಕೋರ," ಎಂದ ಕಾಶಪ್ಪ. ಮೆತ್ತಗೆ.

ಮನೆಗೆ ಬಂದರೆ ಮಾಂತೇಶ ಒಳಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದ. ಮಧ್ಯಾಹ್ನದಿಂದ ಮುಟ್ಟಿಲ್ಲವಂತೆ. ಶಿವಗಂಗಾ ಹೊಸಿಲಲ್ಲಿ ಕೂತಿದ್ದಾಳೆ.

"ಈ ಸಲ ಬಿಡ್ತಾರ್ರಿ ಅಕ್ಕಾರ," ಎನ್ನುತ್ತಾಳೆ. ಅವಳ ಕಣ್ಣಿನಲ್ಲಿ ಆಸೆ. ಅದನ್ನು ನೋಡಲಾಗುತ್ತಿಲ್ಲ…

22 ಮಾರ್ಚ್. ಬಾಗಲಕೋಟೆ, ದವಾಖಾನೆಯ ವರಾಂಡ

ಏಳು ದಿನ ಪೆನ್ನು ಹಿಡಿಯಲಿಲ್ಲ.

16ರಂದು ದಿನವಿಡೀ ಬಾಗಿಲ ಹೊರಗೆ. ಕರೆದರೆ 'ಹೂಂ' ಎನ್ನುತ್ತಿದ್ದ. ಡಾಕ್ಟರ್ ಫೋನಿನಲ್ಲಿ, ಬಾಗಿಲು ಒಡೆಯಿರಿ ಎಂದರು. ಶಿವಗಂಗಾ ಅಡ್ಡ ನಿಂತಳು. ಇನ್ನೊಂದು ದಿನ ಎಂದಳು. ಬಿಟ್ಟೆ. ಯಾಕೆ ಬಿಟ್ಟೆ? ನನಗೂ ಅವನು ಗೆಲ್ಲಬೇಕಿತ್ತು, ಕಾಶಪ್ಪನ ಮುಂದೆ.

17, ಬೆಳಿಗ್ಗೆ ಹನ್ನೊಂದು. ಒಳಗೆ ಏನೋ ಬಿದ್ದ ಸಪ್ಪಳ. ಆಮೇಲೆ ಹಿಮ್ಮಡಿ ನೆಲಕ್ಕೆ ಬಡಿಯುವುದು, ಒಂದೇ ಸಮನೆ. ಪಕ್ಕದ ಮನೆಯ ಬಡಿಗ ಹುಸೇನಸಾಬ ಉಳಿ ತಂದು ಚಿಲಕ ಎಬ್ಬಿಸಿದ. ಬಾಯಲ್ಲಿ ನೊರೆ, ಕಣ್ಣು ಮೇಲೆ. ಹುಸೇನಸಾಬನ ಟೆಂಪೋದಲ್ಲಿ ಹುನಗುಂದ. ದಾರಿಯಲ್ಲಿ ಇನ್ನೊಂದು ಸಲ ಬಂತು.

ಸ್ಟ್ರೆಚರಿನ ಪಕ್ಕ ಓಡುತ್ತ ನರ್ಸ್ ಕೇಳಿದಳು — "ಕುಡೀತಾರೇನ್ರಿ?"

ನನ್ನ ನಾಲಿಗೆ ಏಳಲಿಲ್ಲ. ಅಷ್ಟೆಲ್ಲ ತಿಳಿದ ಮೇಲೂ.

ಶಿವಗಂಗಾ ಕೂಗಿದಳು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಅವಳ ದನಿ ಅಷ್ಟು ದೊಡ್ಡದಾದದ್ದು ಕೇಳಿಲ್ಲ. "ಕುಡೀತಾರ್ರೀ! ದಿನಾ! ಹನ್ನೊಂದ ವರ್ಷ ಆತು! ಮೊನ್ನೆ ಮಧ್ಯಾಹ್ನ ಬಿಟ್ಟಾರ, ಒಮ್ಮೆಲೇ ಬಿಟ್ಟಾರ! ಬರಕೊಳ್ರಿ!"

ಇಡೀ ವರಾಂಡ ತಿರುಗಿ ನೋಡಿತು. ನರ್ಸ್ ಬರೆದುಕೊಂಡಳು. ಇಂಜೆಕ್ಷನ್ ಬಂತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೆ.

ನಾಲ್ಕು ದಿನ ಐಸಿಯು. ಇವತ್ತು ಗಂಜಿ ಕುಡಿದ. ನಾಲಿಗೆ ಕಚ್ಚಿ ಹುಣ್ಣಾಗಿದೆ.

29 ಮಾರ್ಚ್. ಸಂಜೆ 6

ಮನೆಗೆ ಬಂದು ಎರಡು ದಿನ. ಗುಳಿಗೆ ಶಿವಗಂಗಾಳ ಕೈಯಲ್ಲಿ.

ಇವತ್ತು ನಾಲ್ಕಕ್ಕೆ ಬಂತು. ಕುಡಿಯದೆಯೂ ಬಂತು. ಮೊದಲಿನ ಅಂಜಿಕೆ, ಕಲ್ಲು ಬಿದ್ದಾಗಿನದು. ಮುಖ ಬಿಳಿಚಿತು, ಬೆರಳು ಸೆಟೆದವು. ಡಾಕ್ಟರ್ ಹೇಳಿದ್ದರು — ಓಡಬ್ಯಾಡ್ರಿ, ಬಡಿದಾಡಬ್ಯಾಡ್ರಿ, ಕಾಲು ನೆಲಕ್ಕ ಊರ್ರಿ, ಉಸಿರು ನಿಧಾನ ಬಿಡ್ರಿ. ಊರಿದ. ನಾನು ಗಡಿಯಾರ ನೋಡುತ್ತ ಎದುರು ಕೂತೆ. ಹದಿನೇಳು ನಿಮಿಷ. ಆಮೇಲೆ ಭುಜ ಇಳಿಯಿತು.

"ಹೋತು," ಎಂದ. ನಂಬದವನಂತೆ ಎದೆ ಮುಟ್ಟಿ ನೋಡಿಕೊಂಡ. "ಏನೂ ಹಾಕದ ಹೋತು."

"ನಾಳೆ ಮತ್ತ ಬರಬಹುದು."

"ಬರ್ಲಿ." ನಂತರ, "ಹದಿನೇಳ ನಿಮಿಷಕ್ಕ ಅಂಜಿ ಹನ್ನೊಂದ ವರ್ಷ ಕುಡದ್ನೇನಕ್ಕಾ?"

ಆಗಲೇ ಹೇಳಿಬಿಟ್ಟೆ. ನಡಾವಳಿಯ ವಿಷಯ. ತಿಂಗಳ ಕಾಲ ಬಾಯಲ್ಲಿಟ್ಟುಕೊಂಡರೆ ಅದೂ ಒಂದು ಚಟವೇ.

"ಓದೂಮುಂದ ಅನಿಸಿತ್ತು," ಎಂದ. "ಕಾಶಪ್ಪಗ 'ಪುನಃ' ಅನ್ನೂ ಶಬ್ದ ಎಲ್ಲಿಂದ ಬರಬೇಕು."

ಎದ್ದು ಒಳಗೆ ಹೋದ. ಚಿಲಕ ಹಾಕಲಿಲ್ಲ. ಊಟಕ್ಕೆ ಕರೆದಾಗ ಬಂದ, ನನ್ನ ಎದುರು ಕೂರಲಿಲ್ಲ.

5 ಏಪ್ರಿಲ್, ಶನಿವಾರ. ಬೆಳಿಗ್ಗೆ 9

ಕಾಶಪ್ಪ ಚಟ ಬಿಡುವವರ ಯಾದಿ ಕಳಿಸಿದ್ದಾನೆ. ಏಪ್ರಿಲ್ 13ಕ್ಕೆ ಮತ್ತೆ ಜೋಳಿಗೆ. ಇಪ್ಪತ್ತೆರಡು ಜನ. ಸನ್ಮಾನ ಪತ್ರದಲ್ಲಿ ಹೆಸರುಗಳನ್ನು ದುಂಡಗೆ ಬರೆದುಕೊಡಬೇಕಂತೆ, 'ನಿಮ್ಮ ಕೈಯೇ ಆಗಬೇಕು ಅಕ್ಕೋರ'. ಅದರಲ್ಲಿ ಒಬ್ಬ ನನ್ನ ವಿದ್ಯಾರ್ಥಿ, ಹಣಮೇಶ. ಮೊನ್ನೆ ಕಿರಾಣಿ ಅಂಗಡಿಯಲ್ಲಿ ನೋಡಿದೆ. ಚಿಲ್ಲರೆ ಎಣಿಸಲು ಬೆರಳು ನಿಲ್ಲುತ್ತಿರಲಿಲ್ಲ. ಹತ್ತು ಗಂಟೆಯ ಬೆಳಗು.

ಮಾಂತೇಶನನ್ನು ಕೇಳಿದೆ, ನಡೆದದ್ದನ್ನೆಲ್ಲ ಸಮಿತಿಗೆ, ಪತ್ರಿಕೆಗೆ ಬರೆಯಲೇನು ಎಂದು.

"ನನ್ನ ಹೆಸರ ಹಾಕಬ್ಯಾಡ."

"ನಂದ ಹಾಕ್ತೇನಿ."

"ಹಂಗಾದ್ರ ಬರಿ." ಬಾಗಿಲ ತನಕ ಹೋಗಿ ನಿಂತ. "ಹಣಮೇಶಗ ಡಾಕ್ಟರ ನಂಬರ ನಾ ಕೊಡ್ತೇನಿ."

ಕರಡು. ಸಮಿತಿಗೆ ಒಂದು ಪ್ರತಿ, ಪತ್ರಿಕೆಗೆ ಒಂದು —

'ಅಧ್ಯಕ್ಷರಿಗೆ. ಜನವರಿಯಲ್ಲಿ ದಿನವೂ ಕುಡಿಯುವ ಒಬ್ಬನನ್ನು ಕೈ ಹಿಡಿದು ತಂದು ಒಂದೇ ದಿನಕ್ಕೆ ಬಿಡಿಸಿದವಳು ನಾನು. ಅವನು ಕುಡಿಯುವುದಿಲ್ಲ ಎಂದು ವೈದ್ಯರಿಗೆ ಹೇಳಿದವಳು ನಾನು. ಅವನ ಹೆಸರನ್ನು ನಿಮ್ಮ ಪುಸ್ತಕದಲ್ಲಿ ಬರೆದವಳೂ ನಾನು. ಇದು ನನ್ನ ಉತ್ತರ. ಮುಚ್ಚಿಟ್ಟಿಲ್ಲ. ಇನ್ನು ನಿಮ್ಮದು ಬೇಕು, ಖಾಸಗಿಯಾಗಿ ಅಲ್ಲ, ಹದಿಮೂರನೇ ತಾರೀಖಿಗೆ ಮೊದಲು, ಓಣಿಯ ಎಲ್ಲರೂ ಕೇಳುವಂತೆ: ಈ ಇಪ್ಪತ್ತೆರಡು ಜನರಲ್ಲಿ ದಿನವೂ ಕುಡಿಯುವವರು ಎಷ್ಟು? ಅವರನ್ನು ಯಾವ ವೈದ್ಯರು ನೋಡಿದ್ದಾರೆ? ಮೂರನೇ ದಿನ ಅವರ ಕೈ ನಡುಗಿದಾಗ ಪಕ್ಕದಲ್ಲಿ ಸಮಿತಿಯವರು ಯಾರು ಇರುತ್ತಾರೆ, ಹೆಸರು ಹೇಳಿ. ಹೇಳಲಾಗದಿದ್ದರೆ, ಆ ದಿನ ಅವರ ಮುಂದೆ ಜೋಳಿಗೆ ಹಿಡಿಯುವ ಹಕ್ಕು ನಿಮಗಿಲ್ಲ.'