ಅತ್ತಿಗೆ ಕಳಿಸಿದ ನೊಣ

ಮಾರ್ಚ್ 3, ಬೆಳಿಗ್ಗೆ 10

ಇವತ್ತಿನ ಫೋಟೋ ಒಂಬತ್ತು. ಆರು ಮನೆನೊಣ. ಎರಡು ನೊಣವೇ ಅಲ್ಲ, ಜೇನು. ಇನ್ನೊಂದರಲ್ಲಿ ಕಳಿಸಿದವರ ಹೆಬ್ಬೆರಳು ಮಾತ್ರ ಸ್ಪಷ್ಟ. ಜನ ಕಳಿಸುತ್ತಾರೆ, ಮ್ಯೂಸಿಯಂನಲ್ಲಿ ಕೂತು ನಾನು ಹೆಸರು ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ. ಎಲ್ಲ ಬೇರೆಯವರು ಇಟ್ಟ ಹೆಸರು, ನಾನಿಟ್ಟದ್ದು ಒಂದೂ ಇಲ್ಲ. ಒಂದಾದರೂ ಇಡಬೇಕು... ನಿವೃತ್ತಿಗೆ ಇನ್ನು ಎಂಟೇ ತಿಂಗಳು.

ಮಾರ್ಚ್ 5

ಅತ್ತಿಗೆಯಿಂದ ಎರಡು ಫೋಟೋ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಲ್ಕನಿ ಸೇರಿದ್ದಾರೆ. ಅಣ್ಣ ತೊರೆ ದಂಡೆಯಿಂದ ಗೊಬ್ಬರಕ್ಕೆಂದು ತಂದ ಕೊಳೆತ ಎಲೆಯ ಡಬ್ಬವೇ ಈಗ ಅವರ ಟಿವಿ.

ಸುಮ್ಮನೆ ನೋಡಿದೆ. ಮತ್ತೆ ನೋಡಿದೆ. ಕುರ್ಚಿ ಎಳೆದುಕೊಂಡೆ. ಮಾಸಲು ಬಿಳಿ ಮೈ. ಕಣ್ಣೆರಡೂ ತಲೆಗೆ ಅಂಟಿಕೊಂಡಿವೆ, ಅವುಗಳ ಬುಡದಲ್ಲಿ ಸುಕ್ಕುಸುಕ್ಕಾದ ಸುರುಳಿ. ಇಂಥ ತಲೆ ಯಾವ ನೊಣಕ್ಕೂ ಇಲ್ಲ.

ಮಾರ್ಚ್ 6

ಇದ್ದಬದ್ದ ಪುಸ್ತಕವೆಲ್ಲ ಹರಡಿದೆ. ನೊಣ ಜೋಡಿಸಿಟ್ಟ ಡ್ರಾಯರ್ ಡ್ರಾಯರ್ ಎಳೆದು ನೋಡಿದೆ — ಇದಿಲ್ಲ. ತಡೆಯಲಾಗಲಿಲ್ಲ. ಮುಖ್ಯಸ್ಥರಿಗೆ ಬರೆದುಬಿಟ್ಟೆ: ಹೊಸ ಪ್ರಭೇದ, ಖಚಿತ. ಅವರು ಇಡೀ ವಿಭಾಗಕ್ಕೆ ಡಂಗುರ ಹೊಡೆದರು. ಅತ್ತಿಗೆಗೆ ಫೋನ್.

"ಇದಕ್ಕೆ ನಿಮ್ಮ ಹೆಸರೇ ಇಡ್ತೀನಿ ಅತ್ತಿಗೆ."

"ನೊಣಕ್ಕಾ? ನಿಮ್ಮಣ್ಣನ ಹೆಸರಿಡು. ತಟ್ಟೆ ಬಿಟ್ಟು ಏಳೋದೇ ಇಲ್ಲ ಅವರು."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಯಿತೋ.

ಮಾರ್ಚ್ 9, ಮಧ್ಯಾಹ್ನ

ಎರಡು ಸಾಲದು, ಇನ್ನೂ ಇದ್ದರೆ ಕಳಿಸಿ ಎಂದಿದ್ದೆ.

"ಅವತ್ತು ಹದಿನಾಲ್ಕು ತೆಗೆದಿದ್ದೆ ಕಣೇ. ಚೆನ್ನಾಗಿ ಬಂದ ಎರಡನ್ನೇ ಕಳಿಸ್ದೆ."

ಎಲ್ಲವೂ ಬಂದವು, ಗಂಟೆ ಸಮೇತ. 7.12 — ಮರಿ ಮಲಗಿದ್ದ ಕಂದು ಕೋಶದ ತುದಿ ಬಿರಿದಿದೆ. 7.20 — ನನ್ನ ಹೊಸ ಪ್ರಭೇದ. 7.31 — ಸುರುಳಿ ಬಿಚ್ಚುತ್ತಿದೆ. 7.38 — ಕಣ್ಣುಗಳು ತಲೆ ಬಿಟ್ಟು ದೂರ ಹೊರಟಿವೆ. 7.50 — ಎರಡು ಉದ್ದನೆಯ ಕಡ್ಡಿ, ತುದಿಯಲ್ಲಿ ಒಂದೊಂದು ಕೆಂಪು ಕಣ್ಣು.

ಕಡ್ಡಿಗಣ್ಣಿನ ನೊಣ. ನಾಲ್ಕನೇ ಡ್ರಾಯರ್‌ನಲ್ಲಿ ಇಂಥವು ಇನ್ನೂರು ಇವೆ. ಹುಟ್ಟಿ ಎಂಟು ನಿಮಿಷದ ಕೂಸಿಗೆ ಹೊಸ ಪ್ರಭೇದದ ಪಟ್ಟ ಕಟ್ಟಿದ್ದೆ! ಎಳೆ ನೊಣದ ಮೈ ನಂಬಬೇಡಿ ಎಂದು ಹೊಸಬರಿಗೆ ವರ್ಷ ವರ್ಷ ಪಾಠ ಮಾಡುವವಳು ನಾನೇ.

ಮಾರ್ಚ್ 10

"ತಪ್ಪಾಯ್ತು ಸರ್" ಎಂದೆ. ಮುಖ್ಯಸ್ಥರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾತ್‌ರೂಮಿಗೆ ಹೋಗಿ ಅತ್ತೆ. ಹೆಸರಿಡುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ.

ಮಾರ್ಚ್ 17

ವಾರವಿಡೀ ಆ ಹದಿನಾಲ್ಕನ್ನೇ ನೋಡಿದೆ. ಮೊದಲು ಹೊಟ್ಟೆಯುರಿಯಿಂದ. ಆಮೇಲೆ... ಗೊತ್ತಿಲ್ಲ, ಬಿಡಲಾಗುತ್ತಿಲ್ಲ. ಗಾಳಿ ನುಂಗಿ, ತಲೆಯೊಳಗೆ ಊದಿ, ತನ್ನ ಕಣ್ಣನ್ನು ತಾನೇ ಹೊರಗೆ ತಳ್ಳುತ್ತದೆ. ಮೈ ಗಟ್ಟಿಯಾಗುವ ಮೊದಲೇ ಆಗಬೇಕು, ಇಲ್ಲವಾದರೆ ಇಲ್ಲ. ಓದಿದ್ದೆ ಇದನ್ನೆಲ್ಲ. ಮೈ ಜುಮ್ಮೆಂದಿರಲಿಲ್ಲ. ನನ್ನ ಇನ್ನೂರೂ ಸೂಜಿಯಲ್ಲಿ ಚುಚ್ಚಿಟ್ಟವು. ಒಂದೂ ಹುಟ್ಟುವುದನ್ನು ನಾನು ಕಂಡಿಲ್ಲ.

ಸಂಜೆ ಅತ್ತಿಗೆ: "ಡಬ್ಬದಲ್ಲಿ ಇನ್ನೊಂದು ಕೋಶ ಇದೆ ಕಣೇ. ಕಪ್ಪಾಗ್ತಾ ಬಂದಿದೆ. ಬರ್ತೀಯಾ?"

ರಜೆ ಹಾಕಿದೆ.

ಮಾರ್ಚ್ 19, ಬೆಳಿಗ್ಗೆ 7.05

ಬಾಲ್ಕನಿ. ಅಣ್ಣ ಹಲ್ಲುಜ್ಜುತ್ತಾ ಬಂದ. "ನೊಣ ನೋಡೋಕೆ ಆರು ಗಂಟೆ ಕಾಲ ಬಸ್ಸಲ್ಲಿ ಕೂತು ಬಂದ್ಯಾ?"

"ರೀ, ನೀವು ಒಳಗೆ ಹೋಗಿ. ಅದು ಹೆದರಿಕೊಂಡೀತು," ಅತ್ತಿಗೆ.

ಹೋಗಲಿಲ್ಲ. ಬ್ರಷ್ ಬಾಯಲ್ಲಿಟ್ಟುಕೊಂಡೇ ಬಗ್ಗಿ ನಿಂತಿದ್ದಾನೆ.

7.14

ಬಿರಿಯಿತು. ಹಣೆಯ ಒದ್ದೆ ಚೀಲ ಉಬ್ಬಿ ಉಬ್ಬಿ ಮುಚ್ಚಳ ತಳ್ಳುತ್ತಿದೆ. ತಲೆ. ಒಂದು ಕಾಲು. ಎಷ್ಟು ಬಿಳಿ...

7.33

ಬಲಗಡೆಯ ಸುರುಳಿ ಅಲುಗಿತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದಿದ್ದಾರೆ, ಅಕ್ಷರ ಸೊಟ್ಟ. ಎಡಗಡೆಯದೂ! ಹೊರಟವು, ಎರಡೂ. ಐವತ್ತೊಂಬತ್ತು ವರ್ಷ ಇದನ್ನು ನೋಡದೆ ಹೇಗಿದ್ದೆನೋ — ಅಯ್ಯೋ, ಬರೆಯುತ್ತಾ ಕೂತರೆ ತಪ್ಪಿ