ಕಿವಿಯ ಹಿಂದಿನ ಬೊಟ್ಟು

ಹೈದರಾಬಾದ
ಮಂಗಳವಾರ, 12 ಫೆಬ್ರುವರಿ 1974

ತೀರ್ಥರೂಪ ಅಮ್ಮನಿಗೆ ನಿನ್ನ ವಾರಿಜಾಳ ನಮಸ್ಕಾರ.

ಮೊದಲು ಕ್ಷಮಿಸು. ಪರೀಕ್ಷೆ ಮುಗಿಯುವ ತನಕ ಪತ್ರ ಬರೆಯಬೇಡ, ಒಂದು ಪತ್ರ ಬರೆದರೆ ಒಂದು ಪಾಠ ಹೋಯಿತು ಎಂದು ನೀನು ಶಹಾಬಾದ ಸ್ಟೇಶನ್ನಿನಲ್ಲಿ ಹೇಳಿ ಕಳಿಸಿದ್ದೆ. ನಾನೂ ತಲೆಯಾಡಿಸಿದ್ದೆ. ಆದರೂ ಬರೆಯುತ್ತಿದ್ದೇನೆ. ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು, ನನ್ನ ಅರ್ಧ ವಾಕ್ಯಗಳು ಇಂಗ್ಲಿಷಿನಲ್ಲಿ ಹುಟ್ಟಿ ದಾರಿಯಲ್ಲಿ ಕನ್ನಡವಾಗುತ್ತವೆ. ಅಪ್ಪ ಇದನ್ನು ಓದುವಾಗ ಶಾಲೆಯ ಕೆಂಪು ಪೆನ್ಸಿಲ್ ಹುಡುಕುತ್ತಾರೆ ಎಂದು ಗೊತ್ತು. ಈ ಸಲ ತಿದ್ದಬೇಡಿರೆಂದು ಹೇಳು. ರೈಲಿನ ಗಾರ್ಡ್ ಮಾಣಿಕಪ್ಪ ಕಾಕಾನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಗುರುವಾರ ಅವರ ಡ್ಯೂಟಿ ಮತ್ತೆ ಈ ಕಡೆಗೇ ಇದೆ.

ಹೆದರಬೇಡ. ಜ್ವರ ಬಂದಿಲ್ಲ, ಫೇಲಾಗಿಲ್ಲ, ಯಾರ ಜೊತೆಗೂ ಜಗಳಾಡಿಲ್ಲ. ಡಿಸೆಕ್ಷನ್ ಟೇಬಲ್ಲಿನ ಮೇಲೆ ಕಪ್ಪೆಯನ್ನು ಕಂಡರೆ ಕೈ ನಡುಗುವುದು ಇನ್ನೂ ನಿಂತಿಲ್ಲ, ಹಾಜರಿ ಕೂಗುವಾಗ ನಾನು ಕೊಡುವ ಉತ್ತರ ಮುಂದಿನ ಬೆಂಚಿಗೂ ಕೇಳುವುದಿಲ್ಲ. ಇವೆರಡನ್ನು ಬಿಟ್ಟರೆ ಎಲ್ಲ ಕ್ಷೇಮ.

ಈಗ ವಿಷಯ. ಬರುವ ಭಾನುವಾರ ನಮ್ಮ ಕಾಲೇಜಿನಲ್ಲಿ ಎಕ್ಸಿಬಿಶನ್ ಇದೆ. ಈ ಊರಿನ ಹಿರಿಯ ಹೆಣ್ಣುಮಗಳೊಬ್ಬರು ಜೀವಮಾನವಿಡೀ ಕೂಡಿಸಿದ ಗೊಂಬೆಗಳನ್ನು ನೋಡಲು ಕೊಡುತ್ತಿದ್ದಾರೆ. ಪೆಟ್ಟಿಗೆ ಬಿಚ್ಚಿ ಜೋಡಿಸಲು ಫಸ್ಟ್ ಇಯರಿನ ಹುಡುಗಿಯರು ಬೇಕಾಗಿದ್ದರು. ಗೆಳತಿಯರಿದ್ದವರು ನೆವ ಹೇಳಿ ಜಾರಿಕೊಂಡರು. ನನಗೆ ನೆವ ಹೇಳಲೂ ಬಾಯಿ ಬರಲಿಲ್ಲ, ಉಳಿದೆ.

ಪೆಟ್ಟಿಗೆಗಳು ಬಂದವು. ಬಿಳಿ ಕಟ್ಟಿಗೆಯವು, ಸುತ್ತ ಬಿಗಿದ ಅರಿವೆಯ ಪಟ್ಟಿ. ಅಮ್ಮಾ, ಆ ಪಟ್ಟಿ ನಿನ್ನ ಇಳಕಲ್ಲ ಸೀರೆಯ ಅಂಚು! ಅದಕ್ಕೆ ನೀನು ಹಾಕುವ ಗಂಟು, ಒಂದು ತುದಿ ಎಳೆದರೆ ತಾನೇ ಸಡಿಲಾಗುವ ಗಂಟು. ಉಳಿದವರು ಕತ್ತರಿ ಹುಡುಕುತ್ತಿದ್ದರು. ನಾನು ತುದಿ ಹಿಡಿದು ಎಳೆದೆ.

ನೋಟೀಸಿನಲ್ಲಿ ಅಖ್ತರ ಬೇಗಂ ಎಂಬ ಹೆಸರು ಓದಿದಾಗ ನನಗೆ ಹೊಳೆದಿರಲಿಲ್ಲ ನೋಡು. ನಮ್ಮ ಮನೆಗೆ ಮಾಣಿಕಪ್ಪ ಕಾಕಾ ನಿನ್ನಿಂದ ರಿಪೇರಿ ಮಾಡಿಸಲೆಂದು ರೈಲಿನ ಗಾರ್ಡಿನ ಡಬ್ಬಿಯಲ್ಲಿಟ್ಟು ತರುತ್ತಿದ್ದ ಗೊಂಬೆಗಳು ಇವರವೇ. ಅಂಗಳದಿಂದಲೇ ಕಾಕಾನ ಕೂಗು ಕೇಳುತ್ತಿತ್ತು, "ಬಾಯಾರ, ಪೇಶಂಟ್ ಬಂದಾರ ನೋಡ್ರಿ!" ಅಪ್ಪ ಒಳಗಿನಿಂದ, "ಸ್ವಲ್ಪ ಕುಂದರಸ್ರಿ ಅವ್ರನ್ನ, ಡಾಕ್ಟರು ಒಲಿ ಮುಂದ ಇದ್ದಾರ" ಎನ್ನುತ್ತಿದ್ದರು. ನೀನು ಒಲೆ ಆರಿಸಿ, ಕೈ ತೊಳೆದು, ಉತ್ತರದ ಕಿಟಕಿಯ ಕೆಳಗೆ ಕಲ್ಲುಹಾಸಿನ ಮೇಲೆ ಚಾಪೆ ಹಾಸಿ ಕುಳಿತರೆ ಅಲ್ಲಿಗೆ ಮನೆ ನಿಶ್ಶಬ್ದ.

ಮುಚ್ಚಳ ತೆಗೆದೆ. ಒಳಗೆ ನಿನ್ನ ಪರಿ, ರೆಕ್ಕೆಯ ಕಿನ್ನರಿ. ಗೊಂಬೆ ಕತ್ತಲಲ್ಲಿ ಒಬ್ಬಂಟಿಯಾಗಿ ಪ್ರಯಾಣ ಮಾಡಬಾರದೆಂದು ನೀನು ಪ್ರತಿ ಮುಚ್ಚಳದ ಒಳಮೈಗೆ ಒಬ್ಬ ಪರಿಯನ್ನು ಬರೆದು ಕಳಿಸುತ್ತಿದ್ದೆಯಲ್ಲ, ಬೇಗಂ ಒಂದನ್ನೂ ಕಳೆದಿಲ್ಲ. ಗೊಂಬೆಗಳ ಹಿಂದೆ ಗೋಡೆಯುದ್ದಕ್ಕೂ ಮುಚ್ಚಳಗಳನ್ನೇ ತೂಗುಹಾಕಬೇಕೆಂದು ಅವರ ಆಸೆ. ಎಲ್ಲಕ್ಕಿಂತ ಹಳೆಯದು ನಿನಗೆ ನೆನಪಿದೆಯೇ? ಪರಿ ಎಂಬ ಮಾತನ್ನು ನೀನು ಜೈತುನ್ಬೀಯ ಬಾಯಿಂದ ಕೇಳಿದ್ದೆ, ಚಿತ್ರ ಎಲ್ಲೂ ಕಂಡಿರಲಿಲ್ಲ. ಒಂಬತ್ತು ಗಜದ ಸೀರೆ ಉಡಿಸಿ, ಕಚ್ಚೆ ಹಾಕಿ, ಮೂಗಿಗೆ ನತ್ತು ಇಟ್ಟು, ಬೆನ್ನಿಗೆ ರೆಕ್ಕೆ ಅಂಟಿಸಿದ್ದೆ. ಗೊಂಬೆಗಳ ಫ್ರಾಕು ಹೊಲಿಯುತ್ತ ಕುಳಿತಿದ್ದ ಜೈತುನ್ಬೀ ಸೂಜಿ ಕೆಳಗಿಟ್ಟು ನಕ್ಕಿದ್ದಳು. "ಅಯ್ಯ ಬಾಯೀ, ಇದು ಪರಿ ಅಲ್ಲ, ರೆಕ್ಕಿ ಬಂದ ದೇಸಾಯರ ಹೆಣ್ತಿ! ಹಾರಲಿಕತ್ತಿಲ್ಲ ಇಕಿ, ಯಾರಿಗೋ ಬೈಲಿಕ್ಕ ಹೊಂಟಾಳ." ನೀನು ತಲೆ ಎತ್ತದೆ ಹೇಳಿದ್ದೆ, "ಹಾರೋ ಮುಂದ ಸೀರಿ ಜಾರಬಾರದಲ್ಲ, ಅದಕ್ಕ ಕಚ್ಚಿ ಹಾಕೀನಿ. ನಿನ್ನ ಪರಿ ಹೆಂಗ ಸಂಭಾಳಸ್ತಾಳ ಕೇಳು."

ಆ ಕಚ್ಚೆಯ ಪರಿಯ ಮುಂದೆ ಹುಡುಗಿಯರೆಲ್ಲ ಗುಂಪುಗೂಡಿದರು. ಆಮೇಲಿನವೂ ಬಂದವು: ಕಾಗಿಣಾ ಹೊಳೆಯ ದಂಡೆಯ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯನ್ನು ನೋಡಿ ನೋಡಿ ಬರೆದವು, ಹಿಂದಿನ ಕಟ್ಟಿಗೆಯ ಗೆರೆ ಕಾಣುವಷ್ಟು ತೆಳ್ಳಗಿನ ರೆಕ್ಕೆಯವು. ಆದರೂ ಎಲ್ಲರಿಗೂ ಮೊದಲನೆಯವಳೇ ಬೇಕು. ಯಾರು ಬರೆದದ್ದು, ಯಾರು ಬರೆದದ್ದು ಎಂದು ಒಂದೇ ಗದ್ದಲ. "ನಮ್ಮ ಅಮ್ಮ" ಎಂದೆ. ಗಟ್ಟಿಯಾಗಿಯೇ ಎಂದೆ.

ಕುರ್ಚಿಯಲ್ಲಿ ಕುಳಿತಿದ್ದ ಬೇಗಂ ಎದ್ದು ಬಂದರು. ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಉಗುರಿನ ಸಂದಿಯಲ್ಲಿ ಬಣ್ಣ ಇದೆಯೇ ಎಂಬಂತೆ. ಇರಲಿಲ್ಲ. "ಶಹಾಬಾದವಾಲಿ ಬಾಯಿಯ ಮಗಳು!" ಎಂದು ತಮ್ಮ ಉರ್ದುವಿನಲ್ಲಿ ಇಡೀ ಹಾಲಿಗೆ ಕೇಳುವಂತೆ ಸಾರಿದರು. ಇಷ್ಟು ವರ್ಷ ನಿನ್ನ ಮುಖ ಕಂಡಿಲ್ಲ, ನಿನ್ನ ಕೈ ಮಾತ್ರ ಗೊತ್ತು ಎಂದರು. ಆಮೇಲೆ ಒಂದು ಪಿಂಗಾಣಿ ಗೊಂಬೆಯ ಕೂದಲು ಸರಿಸಿ ಎಡಗಿವಿಯ ಹಿಂದಿನ ಕಪ್ಪು ಬೊಟ್ಟು ತೋರಿಸಿ ಮೆಲ್ಲಗೆ ಕೇಳಿದರು, ಇದು ನಿಮ್ಮೂರಿನ ಧೋಬಿ ಗುರುತೇ? ಗೊಂಬೆಗಳು ಅದಲುಬದಲಾಗದಿರಲಿ ಎಂದು ಹಾಕುತ್ತಾರೇನೋ ಎಂದೇ ಅವರು ತಿಳಿದಿದ್ದರಂತೆ!

ನನಗೆ ನಗು ತಡೆಯಲಿಲ್ಲ. ಧೋಬಿಯದಲ್ಲ, ದೃಷ್ಟಿಬೊಟ್ಟು ಎಂದೆ. ನನ್ನ ಮುರುಕು ಉರ್ದುವಿನಲ್ಲಿ ಎಲ್ಲ ವಿವರಿಸಿದೆ: ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಗೆ, ಕಣ್ಣು ಬರೆದ ಕ್ಷಣಕ್ಕೆ ಗೊಂಬೆ ಚೆಲುವೆಯಾಗುತ್ತದೆ, ಚೆಲುವೆಯಾದ ಕ್ಷಣದಿಂದಲೇ ದೃಷ್ಟಿ ತಗಲುತ್ತದೆ. ಅದಕ್ಕೇ ಅಮ್ಮ ಎದ್ದೇಳುವ ಮೊದಲು, ಅದೇ ಬ್ರಷ್ಷಿನಿಂದ, ಕಿವಿಯ ಹಿಂದೆ ಬೊಟ್ಟಿಡುತ್ತಾಳೆ. ಕಣ್ಣಿಲ್ಲದ ಗೊಂಬೆಗೆ ಬೊಟ್ಟಿಲ್ಲ, ಬೊಟ್ಟಿಟ್ಟ ಮೇಲೆ ಗೊಂಬೆಗೆ ಬ್ರಷ್ ತಾಗಿಸುವುದಿಲ್ಲ. ಬೇಗಂ ಕೇಳುತ್ತ ಕೇಳುತ್ತ ತಮ್ಮ ಕಿವಿಯ ಹಿಂದೆ ಬೆರಳಾಡಿಸಿಕೊಂಡರು. ಅವರ ತಾಯಿಯೂ ಕಾಡಿಗೆ ಹಚ್ಚುತ್ತಿದ್ದರಂತೆ, ಅದೇ ಜಾಗಕ್ಕೆ. ಆಮೇಲೆ ಒಂದೊಂದು ಗೊಂಬೆಯ ಹತ್ತಿರ ಹೋಗಿ ಕೂದಲು ಸರಿಸಿ ನೋಡಿದರು. ಎಲ್ಲರಿಗೂ ಇತ್ತು, ಒಬ್ಬಳನ್ನು ಬಿಟ್ಟು.

ಆ ಒಬ್ಬಳ ವಿಷಯಕ್ಕೇ ಈ ಪತ್ರ. ಅವಳ ಹೆಸರು ನೂರಿ. ಕಾಗದದ ಮುದ್ದೆಯಿಂದ ಮಾಡಿದ ಮುಖ, ಬೇಗಂ ಅವರ ಮೊಟ್ಟಮೊದಲ ಗೊಂಬೆ. ಯಾವ ಗಾಡಿಗೂ ಹತ್ತಿಸಲು ಮನಸ್ಸು ಬಾರದೆ ಅವಳನ್ನು ನಿನ್ನ ಕಡೆಗೆ ಎಂದೂ ಕಳಿಸಿರಲಿಲ್ಲ. ಹೋದ ಮಳೆಗಾಲ ಅಟ್ಟ ಸೋರಿ ಅವಳ ಮುಖವೆಲ್ಲ ಚಕ್ಕೆಯೆದ್ದು ಉದುರಿದೆ. ಕಣ್ಣಿಲ್ಲ, ತುಟಿಯಿಲ್ಲ. ಇವಳು ಪೆಟ್ಟಿಗೆಯಲ್ಲೇ ಇರಲಿ, ಮುಖವಿಲ್ಲದವಳನ್ನು ನಾಲ್ಕು ಜನರ ಮುಂದೆ ಹೇಗೆ ಕೂರಿಸುವುದು ಎಂದು ಬೇಗಂ ಮುಚ್ಚಳ ಹಾಕಹೊರಟರು. ನಾನು ಮುಚ್ಚಳಕ್ಕೆ ಕೈ ಅಡ್ಡ ಇಟ್ಟೆ. ನಾನು ಮಾಡುತ್ತೇನೆ ಎಂದೆ.

ಅಮ್ಮಾ, ನಿನ್ನ ಮಾತು ಮರೆತಿಲ್ಲ. ಏಳನೇ ಕ್ಲಾಸಿನ ರಜೆಯಲ್ಲಿ ನನ್ನ ಕೈಯಿಂದ ಬ್ರಷ್ ಕಸಿದುಕೊಂಡು ಹೇಳಿದ್ದೆ, "ಇದು ಡಾಕ್ಟರ್ ಕೈ. ಟರ್ಪಂಟೈನ್ ವಾಸನಿ ಈ ಮನ್ಯಾಗ ಒಬ್ಬಾಕಿಗೇ ಸಾಕು." ಅಂದಿನಿಂದ ಮುಟ್ಟಿರಲಿಲ್ಲ. ಅಂಟು ಕಲಸಿಕೊಟ್ಟೆ, ಹತ್ತಿ ಹಿಂಜಿಕೊಟ್ಟೆ, ಬೇಡಿದ ಬಣ್ಣ ಕೈಗೆ ಕೊಟ್ಟೆ. ಆದರೆ ನೋಡಬೇಡ ಎಂದು ನೀನು ಹೇಳಿರಲಿಲ್ಲ. ಎಲ್ಲ ರಜೆಗಳಲ್ಲೂ ನಾನು ನೋಡಿದ್ದೇನೆ.

ಹೇಗೆ ಮಾಡಿದೆ ಕೇಳು. ಗುಂಡಿ ತುಂಬಲು ನೀನು ಬಳಸುವ ಕಲ್ಲಿನ ಹಿಟ್ಟು ಇಲ್ಲೆಲ್ಲಿ ಸಿಗಬೇಕು ಎಂದು ಎರಡು ದಿನ ಚಿಂತೆ ಮಾಡಿದೆ. ಹಾಸ್ಟೆಲ್ಲಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತ ಕೂತಾಗ ಕಾಲ ಕೆಳಗೆ ನೋಡಿದೆ. ಈ ಹಾಸ್ಟೆಲ್ಲಿನ ಅಂಗಳಕ್ಕೆಲ್ಲ ಹಾಸಿರುವುದು ನಮ್ಮ ಶಹಾಬಾದ ಕಲ್ಲು! ಆರು ತಿಂಗಳಿಂದ ಅದರ ಮೇಲೇ ಓಡಾಡುತ್ತ ಊರು ದೂರ ಎಂದು ಅಳುತ್ತಿದ್ದೆ. ಒಡೆದ ಮೂಲೆಯೊಂದನ್ನು ಇನ್ನೊಂದು ಚೂರಿನಿಂದ ತೇಯ್ದು, ಹಳೆಯ ದುಪಟ್ಟದಲ್ಲಿ ಸೋಸಿದೆ. ಮೆಸ್ಸಿನಲ್ಲಿ ಹುಣಸೆಬೀಜ ಬೇಡಿ ತಂದು ನೆನೆಸಿ ಅರೆದು ಅಂಟು ಕಾಯಿಸಿದೆ. ವಾರ್ಡನ್ ಬಂದು ಇದೇನು ಗಂಜಿ ಎಂದು ಕೇಳಿದರು, ಬಾಟನಿ ಪ್ರಾಕ್ಟಿಕಲ್ ಎಂದೆ. ಬಣ್ಣ ಬೇಗಂ ತರಿಸಿಕೊಟ್ಟರು. ಬ್ರಷ್ ಯಾವುದು ಗೊತ್ತೇ? ಬಾಚಣಿಕೆ ಸ್ವಚ್ಛ ಮಾಡಿಕೊಳ್ಳಲಿಕ್ಕೆಂದು ನೀನೇ ನನ್ನ ಟ್ರಂಕಿನಲ್ಲಿ ಹಾಕಿದ್ದೆಯಲ್ಲ, ಅದು. ಸವೆದ ಕೂದಲು ಕತ್ತರಿಸಿದರೆ ಒಳಗೆ ಇನ್ನೂ ಒಳ್ಳೆಯ ಎಳೆಗಳಿದ್ದವು.

ಕೆನ್ನೆಗೆ ಮೊದಲು ಕೆಂಪು, ಅದು ಒಣಗಿದ ಮೇಲೆ ಅದರ ಮೇಲೆ ಮೈಬಣ್ಣ, ಕೆಂಪು ಒಳಗಿನಿಂದ ಬಂದಂತೆ ಕಾಣಲಿ ಎಂದು. ನೀನು ಹಾಗೆಯೇ ಮಾಡುತ್ತೀ. ತುಟಿ ಎರಡನೆಯ ಸಲಕ್ಕೆ ಸರಿಬಂತು. ಕೈ ಈಗ ನಡುಗುತ್ತದೆ, ಇನ್ನೇನು ನಡುಗುತ್ತದೆ ಎಂದು ಕಾಯುತ್ತಲೇ ಇದ್ದೆ. ನಡುಗಲಿಲ್ಲ ಅಮ್ಮಾ. ಕಪ್ಪೆಯ ಮುಂದೆ ನಡುಗುವ ಅದೇ ಕೈ. ನಮ್ಮ ಝುವಾಲಜಿ ಮೇಡಂ ಹಿಂದೆ ನಿಂತು ನೋಡಿ, ನೀನು ಸ್ಕಾಲ್ಪೆಲ್ ಯಾಕೆ ಹೀಗೆ ಹಿಡಿಯುವುದಿಲ್ಲ ಎಂದು ಕೇಳಿದರು. ಹೌದಲ್ಲ ಎನಿಸಿತು. ನಾಳೆಯ ಪ್ರಾಕ್ಟಿಕಲ್ಲಿನಲ್ಲಿ ಹಾಗೇ ಹಿಡಿದು ನೋಡುತ್ತೇನೆ. ಓದು ಬಿಡುತ್ತೇನೆ ಎಂದು ಮಾತ್ರ ತಿಳಿಯಬೇಡ. ಡಾಕ್ಟರ್ ಆಗುತ್ತೇನೆ. ಆದರೆ ಆ ಮನೆಯಲ್ಲಿ ಟರ್ಪಂಟೈನ್ ವಾಸನೆ ಇಬ್ಬರಿಗೆ ಇದ್ದರೆ ಏನಾಗುತ್ತದೆ?

ಇನ್ನು ಕಣ್ಣು. ವಾಡಿ ಜಂಕ್ಷನ್ನಿನ ಎಂಜಿನ್ ಡ್ರೈವರನ ಹೆಂಡತಿಯ ಗೊಂಬೆಗೆ ನೀಲಿ ಕಣ್ಣು ಕಂಡು, ಪಾಪ ಮೋತಿಬಿಂದು ಆಗಿ ಪೊರೆ ಬಂದಿದೆ ಎಂದು ನೀನು ಕಪ್ಪು ಮಾಡಿಕೊಟ್ಟ ಕಥೆಯನ್ನು ಬೇಗಂಗೆ ಹೇಳಿದೆ. ನಗುನಗುತ್ತ ಅವರ ವೀಳ್ಯ ನೆತ್ತಿಗೇರಿತು. ಅಂದಿನಿಂದ ಅಮ್ಮ ಗೊಂಬೆಯ ಹೆಸರನ್ನೂ ಕಣ್ಣಿನ ಬಣ್ಣವನ್ನೂ ಮನೆಯವರಿಂದ ಕೇಳದೆ ಕಣ್ಣಿಗೆ ಕೈ ಹಾಕುವುದಿಲ್ಲ ಎಂದೆ. ನೂರಿಯ ಹೆಸರು ನನಗೆ ಗೊತ್ತಾದದ್ದು ಹಾಗೆ. ಬಣ್ಣ ಜೇನಿನದು. ಕಣ್ಣಿಲ್ಲದ ಮುಖದ ಮೇಲೆ ನಿನ್ನ ಪದ್ಧತಿಯಂತೆ ಕರವಸ್ತ್ರ ಹೊದಿಸಿ ಮೇಜಿನ ಮೇಲೆ ಇಟ್ಟೆ.

ಸೇಡಮ್ಮಿನ ಗುಡಿಯಲ್ಲಿ ಅಜ್ಜ ದೇವರ ವಾಹನಗಳಿಗೆ ಬಣ್ಣ ಹಚ್ಚುವಾಗ ನೀನು ಎಷ್ಟೋ ವರ್ಷ ಕುದುರೆಯ ಗೊರಸು, ಬಾಲ ಇಷ್ಟನ್ನೇ ಬರೆದೆಯಂತೆ. ಒಂದು ದಿನ ಅವರು ಬ್ರಷ್ ನಿನ್ನ ಕಡೆ ಚಾಚಿ, "ಇನ್ನ ಕಣ್ಣು ನೀ ಬರಿ" ಎಂದ ಮೇಲೆಯೇ ಕಣ್ಣಿಗೆ ಬಂದದ್ದು. ನಮ್ಮಲ್ಲಿ ಹಾಗೆ ಹೇಳಿಸಿಕೊಳ್ಳದೆ ಯಾರೂ ಕಣ್ಣು ಬರೆದಿಲ್ಲ ಎಂದು ನೀನೇ ಹೇಳಿದ್ದು. ನೀನು ಆ ಮಾತು ನನಗೆ ಹೇಳುತ್ತೀಯಾ? ಅದನ್ನೇ ಕೇಳುತ್ತಿದ್ದೇನೆ. ಬೇಡ ಎಂದರೆ ಬೇಡ ಎಂದೇ ಬರೆ. ಭಾಳ ಅಳುತ್ತೇನೆ, ಆದರೆ ಸಿಟ್ಟಾಗುವುದಿಲ್ಲ.

ಇನ್ನೊಂದು ಮಾತು. ಗೊಂಬೆಗಳ ಪಕ್ಕದಲ್ಲಿ ಬೇಗಂ ಒಂದು ಲೇಬಲ್ ಇಡುತ್ತಾರಂತೆ, ಮುಖ ಬರೆದವರು ಯಾರೆಂದು. ನಾನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: ನರ್ಮದಾಬಾಯಿ, ಶಹಾಬಾದ. ಬೇಡ ಗೀಡ ಎನ್ನಬೇಡ, ಇದರಲ್ಲಿ ನಿನ್ನ ಮಾತು ಕೇಳುವುದಿಲ್ಲ. ಭಾನುವಾರ ನೀನೂ ಅಪ್ಪನೂ ಬರಬೇಕು. ಜೈತುನ್ಬೀಯನ್ನೂ ಕರೆದುಕೊಂಡು ಬಾ, ತಾನು ಹೊಲಿದ ಫ್ರಾಕುಗಳನ್ನು ನೋಡಲಿ. ನಮ್ಮ ಹುಡುಗಿಯರಿಗೆಲ್ಲ ತೋರಿಸುವುದಿದೆ, ಇವಳೇ ನಮ್ಮ ಅಮ್ಮ ಎಂದು.

ಗುರುವಾರ ಮಾಣಿಕಪ್ಪ ಕಾಕಾನ ಕೈಯಲ್ಲಿ ಉತ್ತರ ಕಳಿಸು. ಎರಡೇ ಸಾಲು ಸಾಕು, ಬೇಗ ಬರಲಿ.

ನಿನ್ನ ಮಗಳು
ವಾರಿಜಾ

ತಾ.ಕ.: ಬೊಟ್ಟನ್ನು ಬಲಗಿವಿಯ ಹಿಂದೆ ಇಟ್ಟಿದ್ದೇನೆ. ಎಡಗಿವಿ ನಿನ್ನದು, ಅದನ್ನು ಮುಟ್ಟಿಲ್ಲ. ಕರವಸ್ತ್ರ ತೆಗೆದು ಹಾಲಿನಲ್ಲಿ ಕೂರಿಸಿದ ನಿನ್ನೆ ಸಂಜೆಯಿಂದ ನೂರಿ ಬಾಗಿಲ ಕಡೆಗೇ ನೋಡುತ್ತಿದ್ದಾಳೆ, ನೀನು ಬರುತ್ತೀಯೋ ಇಲ್ಲವೋ ಎಂದು.